ಸಂಜೆಯ ತರಗತಿಯೋ, ಮನೆಯ ಆನ್‌ಲೈನೋ: ಕಮ್ಯೂನಿಟಿ ಕಾಲೇಜಿನಲ್ಲಿ ಸಮಾಜ ವಿಜ್ಞಾನ

ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜಿನಲ್ಲಿ, ಅಂದರೆ ಇಲ್ಲಿನ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ, ಸಮಾಜಶಾಸ್ತ್ರ ಓದಬೇಕೆಂದಿದ್ದರೆ ಸಂಜೆಯ ತರಗತಿಗೆ ಹೋಗಿ ಕುಳಿತು ಓದಿ. ಆನ್‌ಲೈನ್ ಬೇಡ. ನನ್ನ ತೀರ್ಮಾನ ಇಷ್ಟೇ. ಅದನ್ನು ಕೊನೆಯವರೆಗೆ ಬಚ್ಚಿಟ್ಟು ಕುತೂಹಲ ಹುಟ್ಟಿಸುವ ಆಸೆ ನನಗಿಲ್ಲ. ಆದರೆ ಇಲ್ಲಿನ ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಎತ್ತುತ್ತಲೇ ಇರುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ನನ್ನ ಹಾಗೆ ಗಂಡನ ಕೆಲಸದ ಬೆನ್ನಿಗೆ ಎಚ್-4 ವೀಸಾದಲ್ಲಿ ಬಂದವರು, ಊರಿನಲ್ಲಿ ಒಂದು ಡಿಗ್ರಿ ಮುಗಿಸಿ ಇಲ್ಲಿ ಕೈಕಟ್ಟಿ ಕುಳಿತವರು. ಅವರಿಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದಲ್ಲಿ ಬಿ.ಕಾಂ. ಮಾಡಿದವಳು. ಇಲ್ಲಿಗೆ ಬಂದ ಮೇಲೆ ಸಿಕ್ಕವರೆಲ್ಲರೂ ಕಂಪ್ಯೂಟರ್ ಕೋರ್ಸು ಮಾಡು, ಟೆಸ್ಟಿಂಗ್ ಕಲಿ ಎಂದರು. ಮನೆಯಲ್ಲಿ ಆ ವಿದ್ಯೆ ಬಲ್ಲವರು ಒಬ್ಬರಿದ್ದರೆ ಸಾಕು ಎಂದು ನಾನು ಸಮಾಜಶಾಸ್ತ್ರಕ್ಕೆ ಸೇರಿದೆ, ಆಮೇಲೆ ಮನಃಶಾಸ್ತ್ರ, ರಾಜ್ಯಶಾಸ್ತ್ರ, ಸಂಖ್ಯಾಶಾಸ್ತ್ರ. ಸೆಮಿಸ್ಟರ್ ಕಾಲೇಜಿನ ಸಂಜೆ ತರಗತಿ, ಪೂರ್ತಿ ಆನ್‌ಲೈನ್ ತರಗತಿ, ಹನ್ನೆರಡು ವಾರದ ಕ್ವಾರ್ಟರ್ ಪದ್ಧತಿ, ಬೇಸಿಗೆಯ ಆರು ವಾರದ ಕೋರ್ಸು, ನಾಲ್ಕನ್ನೂ ಓದಿ ನೋಡಿದ್ದೇನೆ. ಊರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣ ಪಡೆದಿಲ್ಲ, ಆದ್ದರಿಂದ ಆ ಮಾತು ಇಲ್ಲಿಲ್ಲ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡೋಣ. ರಾಜ್ಯದಲ್ಲಿ 116 ಕಮ್ಯೂನಿಟಿ ಕಾಲೇಜುಗಳಿವೆ. ಕ್ಯಾಲಿಫೋರ್ನಿಯಾ ನಿವಾಸಿ ಎನಿಸಿಕೊಂಡವರಿಗೆ ಸೆಮಿಸ್ಟರ್ ಕಾಲೇಜುಗಳಲ್ಲಿ ಒಂದು ಯೂನಿಟ್‌ಗೆ (ಕೋರ್ಸಿನ ಭಾರ ಅಳೆಯುವ ಲೆಕ್ಕ) 46 ಡಾಲರ್. ಸಮಾಜಶಾಸ್ತ್ರದ ಮೊದಲ ಕೋರ್ಸು ಮೂರು ಯೂನಿಟ್, ಅಂದರೆ 138 ಡಾಲರ್, ಅದರ ಮೇಲೆ ಒಂದಿಷ್ಟು ಚಿಲ್ಲರೆ ಶುಲ್ಕ. ತರಗತಿಯಲ್ಲಿ ಕುಳಿತು ಓದಿದರೂ ಅಷ್ಟೇ, ಮನೆಯಲ್ಲಿ ಪರದೆ ನೋಡಿದರೂ ಅಷ್ಟೇ. ಆನ್‌ಲೈನ್ ಎಂದರೆ ಅಗ್ಗ ಎಂದು ನಮ್ಮವರಲ್ಲಿ ಒಂದು ನಂಬಿಕೆಯಿದೆ. ಈ ಕಾಲೇಜುಗಳ ಮಟ್ಟಿಗೆ ಅದು ಸುಳ್ಳು. ಉಳಿಯುವುದು ಪಾರ್ಕಿಂಗ್ ಮತ್ತು ಪೆಟ್ರೋಲಿನ ಖರ್ಚು ಮಾತ್ರ.

ನಿವಾಸಿ ಅಲ್ಲದಿದ್ದರೆ ಶುಲ್ಕ ಹಲವು ಪಟ್ಟು ಏರುತ್ತದೆ, ಎಚ್-4ರವರು ಎಡವುವುದು ಇಲ್ಲೇ. ಎಫ್-1 ವಿದ್ಯಾರ್ಥಿ ವೀಸಾದವರಿಗೆ, ಪ್ರವಾಸಿ ವೀಸಾದವರಿಗೆ ನಿವಾಸಿ ಎನಿಸಿಕೊಳ್ಳುವ ದಾರಿಯಿಲ್ಲ. ಎಚ್-1ಬಿ ಕೆಲಸದ ವೀಸಾದವರಿಗೆ ಮತ್ತು ಎಚ್-4ರವರಿಗೆ ಇದೆ. ತರಗತಿಗಳು ಶುರುವಾಗುವ ಹಿಂದಿನ ದಿನಕ್ಕೆ ನೀವು ರಾಜ್ಯದಲ್ಲಿ ಒಂದು ವರ್ಷದ ಮೇಲೆ ಒಂದು ದಿನ ನೆಲೆಸಿದ್ದೀರಿ, ಇಲ್ಲೇ ಉಳಿಯುವ ಉದ್ದೇಶವಿದೆ ಎಂದು ಕಾಗದ ತೋರಿಸಬೇಕು. ನಮ್ಮ ಮನೆಯಲ್ಲಿ ಕರೆಂಟು ಬಿಲ್ಲು, ಇಂಟರ್‌ನೆಟ್, ಕಾರಿನ ವಿಮೆ ಎಲ್ಲವೂ ಗಂಡನ ಹೆಸರಿನಲ್ಲಿದ್ದವು. ಬಾಡಿಗೆ ಕರಾರು, ಇಬ್ಬರ ಹೆಸರಿನಲ್ಲಿ ಸಲ್ಲಿಸಿದ್ದ ತೆರಿಗೆ ಪತ್ರ, ನನ್ನ ಡ್ರೈವಿಂಗ್ ಲೈಸೆನ್ಸು ಕೊಟ್ಟ ಮೇಲೆ ಒಪ್ಪಿದರು. ಬಂದ ತಿಂಗಳೇ ಜಂಟಿ ಬ್ಯಾಂಕ್ ಖಾತೆ ತೆರೆದು, ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರನ್ನೂ ಬರೆಸಿ. ಇವತ್ತು ಓದುವ ಯೋಚನೆ ಇಲ್ಲದಿದ್ದರೂ ಬರೆಸಿ.

ಈಗ ಆನ್‌ಲೈನ್. ನಾನು ಸೇರಿದ್ದು ಇಲ್ಲಿಂದ ಬಹಳ ದೂರದ ಒಂದು ಕಾಲೇಜಿನ ತರಗತಿಗೆ, ಹೆಸರು ಬೇಡ. ರಾಜ್ಯದ ಯಾವುದೇ ಮೂಲೆಯ ಕಾಲೇಜಿನ ಆನ್‌ಲೈನ್ ಕೋರ್ಸನ್ನು ಇನ್ನೊಂದು ಮೂಲೆಯಲ್ಲಿ ಕುಳಿತು ಓದಬಹುದು, ಆ ಅನುಕೂಲ ದೊಡ್ಡದೇ. ಇದರಲ್ಲಿ ನಿಗದಿತ ಸಮಯಕ್ಕೆ ಪಾಠ ಎನ್ನುವುದಿಲ್ಲ. ಕ್ಯಾನ್ವಾಸ್ ಎಂಬ ತಾಣದಲ್ಲಿ ವಾರಕ್ಕೊಂದು ಕಡತ ತೆರೆದುಕೊಳ್ಳುತ್ತದೆ. ಓದಬೇಕಾದ ಅಧ್ಯಾಯ, ಒಂದೆರಡು ವಿಡಿಯೊ, ಸಣ್ಣ ಕ್ವಿಜ್, ಮತ್ತು ಚರ್ಚೆ.

ನನ್ನ ತಕರಾರೆಲ್ಲ ಆ ಚರ್ಚೆಯದು. ನಿಯಮ ಹೀಗಿತ್ತು: ಬುಧವಾರದೊಳಗೆ ವಾರದ ಪ್ರಶ್ನೆಗೆ ಇನ್ನೂರೈವತ್ತು ಪದಗಳ ಉತ್ತರ ಬರೆಯಬೇಕು, ಭಾನುವಾರ ರಾತ್ರಿ 11:59ರೊಳಗೆ ಇಬ್ಬರು ಸಹಪಾಠಿಗಳ ಉತ್ತರಕ್ಕೆ ನೂರು ಪದಗಳಿಗೆ ಕಡಿಮೆಯಿಲ್ಲದಂತೆ ಪ್ರತಿಕ್ರಿಯೆ ಬರೆಯಬೇಕು. ನೀವು ನಿಮ್ಮ ಉತ್ತರ ಹಾಕುವ ತನಕ ಬೇರೆಯವರು ಬರೆದದ್ದು ಕಾಣುವುದಿಲ್ಲ. ನಕಲು ತಡೆಯುವ ಉಪಾಯ, ಸರಿ. ಆದರೆ ನಾನು ಮಂಗಳವಾರವೇ ಬರೆದು ಮುಗಿಸಿ ಒಳಗೆ ಹೋದರೆ ಅಲ್ಲಿ ಯಾರೂ ಇಲ್ಲ. ಬುಧವಾರವೂ ಇಲ್ಲ. ತಡವಾದರೆ ಅರ್ಧ ಅಂಕ ಹೋಗುತ್ತದೆ ಅಷ್ಟೇ ಎಂದು ಲೆಕ್ಕ ಹಾಕಿದವರೇ ಹೆಚ್ಚು. ಹೊಸ ಪಂಕ್ತಿಗೆ ಮೊದಲು ಕೂರಲು ಸಂಕೋಚಪಟ್ಟುಕೊಂಡು ಕಂಬಕ್ಕೆ ಒರಗಿ ನಿಂತ ಮದುವೆ ಮನೆಯ ನೆಂಟರ ಹಾಗೆ ಎಲ್ಲರೂ ಎಲ್ಲರಿಗಾಗಿ ಕಾಯುತ್ತಿದ್ದರು. ಭಾನುವಾರ ರಾತ್ರಿ ಹತ್ತರ ಮೇಲೆ ದಬದಬ ಎಂದು ಉತ್ತರಗಳು ಬಂದು ಬೀಳುತ್ತಿದ್ದವು. ಮಗಳನ್ನು ಮಲಗಿಸಿ, ನಿದ್ದೆಗಣ್ಣಿನಲ್ಲಿ ಫೋನು ಹಿಡಿದು, ಯಾರ ಉತ್ತರಕ್ಕಾದರೂ ಪ್ರತಿಕ್ರಿಯೆ ಬರೆದೇ ತೀರಬೇಕೆಂದು ಕಾಯುತ್ತಿದ್ದ ಆ ಭಾನುವಾರಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬಂದ ಪ್ರತಿಕ್ರಿಯೆಗಳಾದರೂ ಎಂಥವು? ನಾನು ಮಲೆನಾಡಿನ ಅಡಿಕೆ ತೋಟದ ಕೂಲಿಯ ಬಗ್ಗೆ, ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಇನ್ನೊಂದು ಕೂಲಿ ಎನ್ನುವುದರ ಬಗ್ಗೆ ಬರೆದಿದ್ದೆ. ಎರಡು ಉತ್ತರ ಬಂದವು. ಎರಡೂ ‘ನಿಮ್ಮ ಬರಹ ಬಹಳ ಇಷ್ಟವಾಯಿತು’ ಎಂದು ಶುರು, ನಡುವೆ ನಾನು ಬರೆದದ್ದನ್ನೇ ಬೇರೆ ಮಾತಿನಲ್ಲಿ ನನಗೇ ಹೇಳುವುದು, ಕೊನೆಯಲ್ಲಿ ‘ಹಂಚಿಕೊಂಡದ್ದಕ್ಕೆ ಧನ್ಯವಾದ’. ಚಾಟ್‌ಜಿಪಿಟಿಯ ಕೈಬರಹ ಗುರುತಿಸಲು ಯಾವ ತಂತ್ರಾಂಶವೂ ಬೇಕಾಗಿರಲಿಲ್ಲ. ಅಡಿಕೆ ಎಂದರೇನು ಎಂದು ಒಬ್ಬರಾದರೂ ಕೇಳಲಿಲ್ಲ. ನನ್ನ ಪ್ರತಿಕ್ರಿಯೆಗಳೇನೂ ಚಿನ್ನದ ಅಕ್ಷರದಲ್ಲಿರಲಿಲ್ಲ ಬಿಡಿ. ರಾತ್ರಿ ಹನ್ನೊಂದೂ ಮುಕ್ಕಾಲಿಗೆ ನೂರು ಪದ ತುಂಬಿಸುವವರ ತಲೆಯಲ್ಲಿ ಯಾವ ಚಿಂತನೆ ಹುಟ್ಟೀತು?

ಇದಕ್ಕೆ ಸೇರಿಕೊಂಡದ್ದು ಭೂತಗಳು. ಉತ್ಪ್ರೇಕ್ಷೆಯಲ್ಲ, ಇಲ್ಲಿ ಅವರನ್ನು ಕರೆಯುವುದೇ ‘ಘೋಸ್ಟ್ ಸ್ಟೂಡೆಂಟ್ಸ್’ ಎಂದು. ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ಹಣಕಾಸಿನ ನೆರವನ್ನು ಲಪಟಾಯಿಸಲು ಕದ್ದ ಹೆಸರುಗಳಲ್ಲಿ, ಸುಳ್ಳು ಹೆಸರುಗಳಲ್ಲಿ ಕಾಲೇಜು ಸೇರುವ ಜಾಲಗಳಿವೆ. ಮುಖ ತೋರಿಸಬೇಕಿಲ್ಲದ ಆನ್‌ಲೈನ್ ತರಗತಿಗಳೆಂದರೆ ಅವುಗಳಿಗೆ ಬಲು ಪ್ರೀತಿ. ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಿಗೆಲ್ಲ ಇದು ಕೆಲವು ವರ್ಷಗಳಿಂದ ದೊಡ್ಡ ತಲೆನೋವು. ಶಿಕ್ಷಕರು ಮೊದಲ ವಾರಗಳಲ್ಲಿ ನಿಜವಾದ ವಿದ್ಯಾರ್ಥಿ ಯಾರು, ಬೊಂಬೆ ಯಾರು ಎಂದು ಸೋಸುವುದರಲ್ಲೇ ಸುಸ್ತಾಗುತ್ತಾರೆ. ನನಗೆ ಆದದ್ದು ಇಷ್ಟು: ತರಗತಿ ಭರ್ತಿ ಎಂದು ತೋರಿಸುತ್ತಿತ್ತು, ನಾನು ಕಾಯುವ ಪಟ್ಟಿಯಲ್ಲಿದ್ದೆ, ಶಿಕ್ಷಕರಿಗೆ ಇಮೇಲ್ ಮೇಲೆ ಇಮೇಲ್ ಕಳಿಸಿ ಕೊನೆಗೆ ಒಳಗೆ ಹೋದೆ. ಹೋಗಿ ನೋಡಿದರೆ ನನ್ನನ್ನು ಹಾಕಿದ ಐದು ಜನರ ಚರ್ಚಾ ಗುಂಪಿನಲ್ಲಿ ಇಬ್ಬರು ಒಂದು ಅಕ್ಷರವನ್ನೂ ಬರೆಯದೆ ಮಾಯವಾದರು. ಉಳಿದ ಮೂವರು ಇಡೀ ಸೆಮಿಸ್ಟರ್ ಒಬ್ಬರಿಗೊಬ್ಬರು ‘ಬಹಳ ಇಷ್ಟವಾಯಿತು’ ಎಂದುಕೊಂಡು ಕಾಲ ಕಳೆದೆವು.

ಮುಖಾಮುಖಿ ಕೂರುವ ತರಗತಿಯಲ್ಲಿ ಸೀಟು ಭರ್ತಿಯಾಗಿದ್ದರೆ ಮಾಡಬೇಕಾದದ್ದು ಒಂದೇ. ಮೊದಲ ದಿನ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ, ಪಾಠ ಮುಗಿದ ಮೇಲೆ ಶಿಕ್ಷಕರ ಮೇಜಿನ ಹತ್ತಿರ ನಿಂತು ತರಗತಿಗೆ ಸೇರಿಕೊಳ್ಳಲು ಬೇಕಾದ ಆ್ಯಡ್ ಕೋಡ್ ಕೇಳಿ. ಬರುತ್ತೇವೆಂದು ಹೇಳಿ ಬಾರದವರು ಪ್ರತಿ ತರಗತಿಯಲ್ಲೂ ಇರುತ್ತಾರೆ, ಅವರ ಜಾಗ ನಿಮ್ಮದು.

ಆನ್‌ಲೈನಿನ ಪರವಾಗಿ ಒಂದು ಮಾತು ಹೇಳಲೇಬೇಕು. ಬೇಸಿಗೆ ರಜೆಯಲ್ಲಿ ತೀರ್ಥಹಳ್ಳಿಯ ಅಮ್ಮನ ಮನೆಯಲ್ಲಿ ಕುಳಿತು ರಾಜ್ಯಶಾಸ್ತ್ರದ ಆರು ವಾರದ ಕೋರ್ಸು ಮುಗಿಸಿದೆ. ಇಲ್ಲಿನ ಭಾನುವಾರ ರಾತ್ರಿಯ ಗಡುವು ಅಲ್ಲಿ ಸೋಮವಾರ ಮಧ್ಯಾಹ್ನ 12:29ಕ್ಕೆ ಬೀಳುತ್ತದೆ, ನಿದ್ದೆಗೆಡುವ ಪ್ರಶ್ನೆಯೇ ಇಲ್ಲ. ಹೊರಗೆ ಆಷಾಢದ ಮಳೆ, ಒಳಗೆ ಅಮೆರಿಕದ ಸಂವಿಧಾನದ ತಿದ್ದುಪಡಿಗಳು. ಕರೆಂಟು ಹೋದರೆ ಫೋನಿನಲ್ಲಿ ಕ್ವಿಜ್. ರಾಜ್ಯಶಾಸ್ತ್ರದ ಆ ಮೊದಲ ಕೋರ್ಸು ಹೆಚ್ಚಾಗಿ ಸರ್ಕಾರದ ಅಂಗಗಳು, ಅವುಗಳ ಅಧಿಕಾರ, ಚುನಾವಣೆ ನಡೆಯುವ ಬಗೆ. ಅದನ್ನು ಒಬ್ಬರೇ ಓದಿಕೊಂಡರೂ ನಷ್ಟವಿಲ್ಲ. ಸಮಾಜಶಾಸ್ತ್ರ ಹಾಗಲ್ಲ.

ಹೇಗೆ ಹಾಗಲ್ಲ ಎಂದರೆ, 2023ರ ಫಾಲ್ (ಆಗಸ್ಟಿನಿಂದ ಡಿಸೆಂಬರಿನವರೆಗಿನ) ಸೆಮಿಸ್ಟರಿನ ಒಂದು ಸಂಜೆಯನ್ನು ಹೇಳುತ್ತೇನೆ. ಆ ವಾರದ ಪಾಠ ಸಾಮಾಜಿಕ ಶ್ರೇಣೀಕರಣ, ಅಂದರೆ ಸಮಾಜದ ಮೇಲುಕೀಳಿನ ಮೆಟ್ಟಿಲುಗಳು. ನಮ್ಮ ಪಠ್ಯ ಓಪನ್‌ಸ್ಟ್ಯಾಕ್ಸ್‌ನದು, ರೈಸ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಡುವ ಪುಸ್ತಕ. ಇಂಥ ಪರಿಚಯ ಪುಸ್ತಕಗಳಲ್ಲಿ ಭಾರತದ ಜಾತಿಗೆ ಸಿಗುವ ಜಾಗ ಸ್ವಲ್ಪವೇ: ಹುಟ್ಟಿನಿಂದ ಬರುವ ಸ್ಥಾನ, ಬದಲಾಗದ ವ್ಯವಸ್ಥೆ, ಮುಂದಿನ ವಿಷಯ. ಅದೇ ಹೊತ್ತಿಗೆ ಜಾತಿ ತಾರತಮ್ಯವನ್ನು ಹೆಸರಿಟ್ಟು ನಿಷೇಧಿಸುವ ಎಸ್‌ಬಿ 403 ಮಸೂದೆ ರಾಜ್ಯದ ಎರಡೂ ಸದನಗಳಲ್ಲಿ ಅಂಗೀಕಾರವಾಗಿ ಸುದ್ದಿಯಲ್ಲಿತ್ತು. ಅಕ್ಟೋಬರಿನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್, ಈಗಿರುವ ಕಾನೂನುಗಳೇ ಸಾಕು ಎಂದು ಅದನ್ನು ತಳ್ಳಿಹಾಕಿದರು. ಅದಕ್ಕೂ ಮುಂಚೆ, 2022ರಲ್ಲಿಯೇ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ತನ್ನ ತಾರತಮ್ಯ ವಿರೋಧಿ ನೀತಿಯಲ್ಲಿ ಜಾತಿಯನ್ನು ಸೇರಿಸಿತ್ತು. ನಮ್ಮ ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ಮಸೂದೆಯ ಬಗ್ಗೆ ಎಷ್ಟು ಕೂಗಾಡಿದ್ದರೆಂದರೆ ಅಡ್ಮಿನ್ ಗುಂಪಿಗೆ ಬೀಗ ಹಾಕಿದ್ದರು.

ಶಿಕ್ಷಕಿ ಸುದ್ದಿಯನ್ನು ಓದಿ ಹೇಳಿ, ಏನನ್ನಿಸುತ್ತದೆ ಎಂದು ಕೇಳಿದರು. ರಾತ್ರಿ ಪಾಳಿಯಲ್ಲಿ ಸೂಪರ್ ಮಾರ್ಕೆಟ್ಟಿನ ಕಪಾಟು ತುಂಬಿಸುವ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ನನ್ನ ಕಡೆ ತಿರುಗಿ ನೇರವಾಗಿ ಕೇಳಿದ: ‘ನೀವು ಅದರಲ್ಲಿ ಯಾವ ಮೆಟ್ಟಿಲು?’ ತರಗತಿ ತಣ್ಣಗಾಯಿತು. ಶಿಕ್ಷಕಿ ಮಾತು ತಪ್ಪಿಸಲು ಬಾಯಿ ತೆರೆದರು. ನಾನು ಇರಲಿ ಎಂದೆ. ಮೇಲಿನ ಮೆಟ್ಟಿಲು ಎಂದೆ. ಅಜ್ಜಿಯ ಮನೆಯ ಹಿತ್ತಿಲ ಕಟ್ಟೆಯ ಮೇಲೆ ಕೆಲಸದವಳಿಗೆಂದೇ ಬೋರಲು ಹಾಕಿಟ್ಟಿರುತ್ತಿದ್ದ ಲೋಟದ ವಿಷಯ ಹೇಳಿದೆ. ಕುಡಿದ ಮೇಲೆ ಅವಳೇ ತೊಳೆದು ಬೋರಲು ಹಾಕಬೇಕಿತ್ತು, ನಮ್ಮಲ್ಲಿ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ, ಅದಕ್ಕೊಂದು ಹೆಸರಿದೆ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಆಗ ಮಾತಾಡಿದ್ದು ಇಡೀ ಸೆಮಿಸ್ಟರ್ ತುಟಿ ಬಿಚ್ಚದ ಹುಡುಗಿ. ಅವಳ ಮನೆಯವರು ಮೆಕ್ಸಿಕೊದ ವಾಹಾಕಾ ಪ್ರಾಂತ್ಯದ ಮಿಸ್ಟೆಕ್ ಬುಡಕಟ್ಟಿನವರು, ಇಲ್ಲಿ ಸ್ಟ್ರಾಬೆರಿ ಹೊಲಗಳಲ್ಲಿ ದುಡಿದವರು. ಶಾಲೆಯಲ್ಲಿ ಅವಳನ್ನು ಹಂಗಿಸುತ್ತಿದ್ದವರು ಬಿಳಿಯರಲ್ಲ, ಸ್ಪ್ಯಾನಿಷ್ ಮಾತಾಡುವ ಮೆಕ್ಸಿಕೊದ ಮಕ್ಕಳೇ. ‘ವಾಹಾಕೀತಾ’ ಎಂದು ಕರೆಯುತ್ತಿದ್ದರಂತೆ, ಕುಳ್ಳಿ, ಕರಿಯಳು, ಹಳ್ಳಿಗುಗ್ಗು ಎಲ್ಲವೂ ಒಂದರಲ್ಲೇ ಬರುವ ಬೈಗುಳ. ಗಡಿ ದಾಟಿ ಬರುವಾಗ ಅಪ್ಪ ಅಮ್ಮ ಅದನ್ನೂ ಹೊತ್ತು ತಂದರು ಎಂದಳು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಗವರ್ನರ್ ಹೇಳಿದ್ದು ಸರಿಯೇ ತಪ್ಪೇ ಎಂದು ಕೇಳಿದ. ಅಲ್ಲಿಂದ ಶುರುವಾದ ವಾದ ಕಾವಲುಗಾರ ಬಂದು ದೀಪ ಆರಿಸಬೇಕು ಎನ್ನುವವರೆಗೆ ನಡೆಯಿತು.

ಮುಂದಿನ ವಾರ ಶಿಕ್ಷಕಿ ನನಗೆ ಹತ್ತು ನಿಮಿಷ ಕೊಟ್ಟರು. ನಾನು ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ವಿಷಯ ಹೇಳಿದೆ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು, ಅದಕ್ಕೆ ರಾಂಪುರ ಎಂದು ಹೆಸರಿಟ್ಟು, ಅಲ್ಲಿನ ಒಕ್ಕಲಿಗರನ್ನು ನೋಡಿ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ಬೆಳೆಸಿದವರು. ಸಂಖ್ಯೆ, ಭೂಮಿ, ರಾಜಕೀಯದ ಹಿಡಿತ ಇರುವವರ ಕೈಯಲ್ಲಿ ಹಳ್ಳಿಯ ಅಧಿಕಾರ ಇರುತ್ತದೆ, ಶಾಸ್ತ್ರದ ಮೆಟ್ಟಿಲುಗಳ ಲೆಕ್ಕಕ್ಕೆ ಅದು ಸಿಗುವುದಿಲ್ಲ. ಬದಲಾಗದ ವ್ಯವಸ್ಥೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ತರಗತಿಗೆ ಹೆಚ್ಚು ನಾಟಿದ್ದು ಇನ್ನೊಂದು ಸಂಗತಿ. 1970ರ ಏಪ್ರಿಲ್‌ನಲ್ಲಿ ಶ್ರೀನಿವಾಸರು ಇಲ್ಲೇ ಪಕ್ಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಅವರಿದ್ದ ಅಧ್ಯಯನ ಕೇಂದ್ರಕ್ಕೆ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ತಿದ್ದಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಆ ಹಳ್ಳಿಯ ಪುಸ್ತಕವನ್ನು ಅವರು ನೆನಪಿನಿಂದಲೇ ಬರೆದರು, 1976ರಲ್ಲಿ ಅದು ಅಚ್ಚಾಯಿತು. ಕಪಾಟಿನ ಹುಡುಗ ಸ್ಟ್ಯಾನ್‌ಫರ್ಡ್ ಕ್ಯಾಂಪಸ್ಸಿಗೆ ಹೋಗಿ ಆ ಜಾಗ ಹುಡುಕಿಕೊಂಡು ಬಂದನಂತೆ. ಅದೂ 138 ಡಾಲರಿನಲ್ಲೇ ಬಂತು.

ಸಂಜೆಯ ತರಗತಿಯಲ್ಲಿ ದೋಷವಿಲ್ಲವೇ? ಇದೆ. ಸಾಕಷ್ಟು ಜನ ಸೇರದಿದ್ದರೆ ತರಗತಿ ಶುರುವಾಗುವ ಮುಂಚೆಯೇ ರದ್ದು ಮಾಡುತ್ತಾರೆ. ಗಂಡ ಆರಕ್ಕೆ ಮನೆಯಲ್ಲಿರಬೇಕು, ಸಾರು ಮಧ್ಯಾಹ್ನವೇ ಆಗಿರಬೇಕು. ನಮ್ಮದು ಒಂದೇ ಕಾರು, ಅವರ ಕಚೇರಿಯಲ್ಲಿ ಮೀಟಿಂಗ್ ಲಂಬಿಸಿದ ದಿನಗಳಲ್ಲಿ ಮನೆಯಲ್ಲಿ ಸಣ್ಣ ಯುದ್ಧಗಳೇ ಆಗಿವೆ. ಪರೀಕ್ಷೆಗೆ ಉತ್ತರದ ಗುರುತು ತುಂಬುವ ಹಸಿರು ಸ್ಕ್ಯಾಂಟ್ರಾನ್ ಪಟ್ಟಿಯನ್ನೂ ಪ್ರಬಂಧಕ್ಕೆ ನೀಲಿ ಹೊದಿಕೆಯ ಪುಸ್ತಕವನ್ನೂ ನಾವೇ ಕೊಂಡೊಯ್ಯಬೇಕು, ಯಾರೂ ಮೊದಲೇ ಹೇಳುವುದಿಲ್ಲ.

ಕ್ವಾರ್ಟರ್ ಪದ್ಧತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಪರ್ಟಿನೊದ ಡಿ ಆಂಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಎರಡೂ ಈ ಪದ್ಧತಿಯವು. ರಾಜ್ಯದ ಉಳಿದ ಕಾಲೇಜುಗಳು ಬಹುಪಾಲು ಸೆಮಿಸ್ಟರಿನವು, ಫ್ರಿಮಾಂಟ್‌ನ ಓಲೋನಿ, ಸಾಂತಾ ಕ್ಲಾರಾದ ಮಿಷನ್ ಸೇರಿ. ಕ್ವಾರ್ಟರಿನಲ್ಲಿ ಹನ್ನೆರಡು ವಾರಕ್ಕೆ ಆಟ ಮುಗಿಯುತ್ತದೆ, ಹೆಸರುಗಳು ನಾಲಿಗೆಗೆ ಹತ್ತುವಷ್ಟರಲ್ಲಿ ಮಿಡ್‌ಟರ್ಮ್. ಮನಃಶಾಸ್ತ್ರದ ಮೊದಲ ಕೋರ್ಸನ್ನು ಹೀಗೆ ಓದಿದೆ, ಖುಷಿಯಾಗಿತ್ತು. ಆ ವೇಗ ನನ್ನಂಥ ಆಲಸಿಗಳಿಗೆ ಒಳ್ಳೆಯದು. ಕ್ಷೇತ್ರಕಾರ್ಯ ಮಾಡಿ ದೀರ್ಘ ಪ್ರಬಂಧ ಬರೆಯಬೇಕಾದ ಮಾನವಶಾಸ್ತ್ರದಂಥ ಕೋರ್ಸಿಗೆ ಸೆಮಿಸ್ಟರೇ ಸರಿ.

ಬೇಸಿಗೆಯಲ್ಲಿ ಸಂಖ್ಯಾಶಾಸ್ತ್ರ: ಬೇಡವೇ ಬೇಡ.

ಪುಸ್ತಕ: ವೇಳಾಪಟ್ಟಿಯಲ್ಲಿ ಪಠ್ಯದ ಖರ್ಚು ಶೂನ್ಯ ಎಂಬ ಗುರುತಿರುವ ತರಗತಿಯನ್ನೇ ಆರಿಸಿ. ಕೆಲವರು ಪ್ರಕಾಶಕರ ತಾಣ ತೆರೆಯುವ ಆ್ಯಕ್ಸೆಸ್ ಕೋಡ್ ಕೊಳ್ಳಲೇಬೇಕು ಎನ್ನುತ್ತಾರೆ, ಅದರ ಬೆಲೆ ಶುಲ್ಕಕ್ಕೆ ಪೈಪೋಟಿ ಕೊಡುತ್ತದೆ.

ಮುಂದೆ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದಂಥ ಕಡೆ ಬಿ.ಎ.ಗೆ ಹೋಗುವ ಯೋಚನೆಯಿದ್ದರೆ ಮೊದಲು ಅಸಿಸ್ಟ್ ಎಂಬ ಸರ್ಕಾರಿ ತಾಣದಲ್ಲಿ ನಿಮ್ಮ ಕೋರ್ಸು ಅಲ್ಲಿ ಯಾವುದಕ್ಕೆ ಸಮ ಎಂದು ನೋಡಿಕೊಳ್ಳಿ. ತರಗತಿಯಲ್ಲಿ ಓದಿದಿರೋ ಆನ್‌ಲೈನಿನಲ್ಲೋ ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ. ಮನಃಶಾಸ್ತ್ರ, ಸಂಖ್ಯಾಶಾಸ್ತ್ರ, ಅಮೆರಿಕದ ಸರ್ಕಾರ ಈ ಮೊದಲ ಕೋರ್ಸುಗಳಿಗೆ 2025ರ ಫಾಲ್‌ನಿಂದ ಎಲ್ಲ ಕಾಲೇಜುಗಳಲ್ಲೂ ಒಂದೇ ಸಂಖ್ಯೆ ಬರುತ್ತಿರುವುದರಿಂದ ಗೊಂದಲ ಕಡಿಮೆಯಾಗುತ್ತಿದೆ.

ನನಗೆ ಮನೆಯಲ್ಲಿ ಇಡೀ ದಿನ ಒಬ್ಬಳೇ ಇರುವ ಅಭ್ಯಾಸ, ಹಗಲು ಮಾತಿಗೆ ಯಾರೂ ಸಿಗುವುದಿಲ್ಲ. ವಾರಕ್ಕೆರಡು ಸಂಜೆ ಹೊರಗೆ ಹೋಗುವುದೇ ನನಗೆ ಅರ್ಧ ಲಾಭ. ಕೈಗೂಸಿನ ತಾಯಿಗೆ, ಪಾಳಿಯ ಮೇಲೆ ಕೆಲಸ ಮಾಡುವವರಿಗೆ, ರಾತ್ರಿ ಕಾರು ಓಡಿಸಲು ಅಂಜುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ಆನ್‌ಲೈನಿನಲ್ಲಿ ಮುಗಿಸಿ, ಸಮಾಜಶಾಸ್ತ್ರ ಒಂದನ್ನು ತರಗತಿಗೆ ಎತ್ತಿಟ್ಟುಕೊಳ್ಳಲಿ. ಶನಿವಾರ ಬೆಳಗಿನ ತರಗತಿ ಇದೆಯೇ ಎಂದೂ ನೋಡಲಿ, ಕೆಲವು ಕಡೆ ಇರುತ್ತದೆ.

ನಾನು ಮುಂದಿನ ಸೆಮಿಸ್ಟರಿಗೆ ಸೋಮವಾರ-ಬುಧವಾರದ ಸಂಜೆ ಸಾಂಸ್ಕೃತಿಕ ಮಾನವಶಾಸ್ತ್ರಕ್ಕೆ ಹೆಸರು ಬರೆಸಿದ್ದೇನೆ. ಸದ್ಯಕ್ಕೆ ಅರ್ಧ ಸೀಟುಗಳು ಖಾಲಿ ಇವೆ, ಇದು ಒಳ್ಳೆಯ ಸುದ್ದಿಯಲ್ಲ. ಹತ್ತಿರದಲ್ಲಿರುವವರು, ಯೋಚನೆ ಮಾಡುತ್ತಿರುವವರು ಈ ತಿಂಗಳೊಳಗೆ ಸೇರಿಕೊಂಡರೆ ತರಗತಿ ಉಳಿಯುತ್ತದೆ. ಕಾರಿನಲ್ಲಿ ಮೂವರಿಗೆ ಜಾಗವಿದೆ.